ಹಳೇ ಮಾರುತಿ 800: ಪೆಟ್ರೋಲ್ ಪೈಪ್ ಸೋರ್ತಾ ಇದೆ. ತುಂಡು ರಬ್ಬರ್ ಹಾಕಿದ್ರೆ ಸಾಕಾ, ಪೂರ್ತಿ ಪೈಪ್ ಬದಲಿಸಬೇಕಾ?

ಪ್ರಶ್ನೆ: ಅಡಿಕೆಸಾಲು, ಶಿರಸಿ

ಗಾಡಿ 1998ರ ಮಾರುತಿ 800, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾಡೆಲ್. ಟ್ಯಾಂಕಿಗಿಂತ ಸ್ವಲ್ಪ ಮುಂದೆ, ಗಾಡಿಯ ತಳಕ್ಕೆ ಕ್ಲಿಪ್ ಹಾಕಿ ಹಿಡಿಸಿದ ಕಬ್ಬಿಣದ ಪೈಪಿನ ಹತ್ತಿರ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಅರ್ಥವಾಗದ ಸಂಗತಿ ಅಂದ್ರೆ, ಎಂಜಿನ್ ಚಾಲೂ ಇರುವಾಗ ಒಂದು ಹನಿಯೂ ಬೀಳುವುದಿಲ್ಲ. ಟ್ಯಾಂಕ್ ತುಂಬಿಸಿ ರಾತ್ರಿ ನಿಲ್ಲಿಸಿದರೆ ಮಾತ್ರ ಬೆಳಿಗ್ಗೆ ನೆಲದಲ್ಲಿ ಅಂಗೈಯಗಲ ಕಲೆ. ಅರ್ಧ ಟ್ಯಾಂಕಿಗಿಂತ ಕೆಳಗೆ ಬಂದಮೇಲೆ ಸೋರುವುದು ನಿಲ್ಲುತ್ತದೆ. ಆದರೆ ಆಗ ಬೆಳಿಗ್ಗೆ ಎಂಟು ಹತ್ತು ಸಲ ಸೆಲ್ಫ್ ಹೊಡೆದರೇ ಸ್ಟಾರ್ಟ್. ದೇವಿಮನೆ ಘಟ್ಟ ಹತ್ತುವಾಗ ಎರಡು, ಮೂರನೇ ಗೇರಿನಲ್ಲಿ ಉಸಿರು ಕಟ್ಟಿದ ಹಾಗೆ ಜರ್ಕ್ ಹೊಡೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ.

ಒಬ್ಬ ಮೆಕ್ಯಾನಿಕ್ ತೂತಾದ ಕಡೆ ಕತ್ತರಿಸಿ ರಬ್ಬರ್ ಪೈಪ್, ಎರಡು ಕ್ಲಾಂಪ್ ಹಾಕಿ ಕೊಡ್ತೇನೆ ಅಂದ್ರು. ಇನ್ನೊಬ್ಬರು ಪೂರ್ತಿ ತಾಮ್ರದ ಪೈಪ್ ಎಳೆದುಬಿಡಿ, ಆಯುಷ್ಯಪೂರ್ತಿ ನೋಡಬೇಕಾಗಿಲ್ಲ ಅಂತಾರೆ. ಅಂಗಡಿಯಲ್ಲಿ ಕೊಟ್ಟ ಹೋಸಿನ ಮೇಲೆ ಏನೂ ಬರೆದಿಲ್ಲ, ಬರೀ ಕಪ್ಪು ಪೈಪ್. ಯಾವುದು ಸರಿ? ಈ ಎಥನಾಲ್ ಪೆಟ್ರೋಲಿನಿಂದಲೇ ಹೀಗಾಯಿತಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಅಘನಾಶಿನಿ, ಕುಮಟಾ

ನೀವು ಹೇಳಿದ ಮೂರೂ ಲಕ್ಷಣ ಒಂದೇ ತೂತಿನವು. ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇರುವುದು ಟ್ಯಾಂಕಿನಲ್ಲಲ್ಲ, ಮುಂದೆ ಎಂಜಿನ್ನಿನ ಮೈಮೇಲೆ. ಎಂಜಿನ್ನಿನಲ್ಲಿ ತಿರುಗುವ ಕ್ಯಾಮ್ ಎಂಬ ಉಬ್ಬು ಅದರ ಲಿವರ್ ಒತ್ತುತ್ತದೆ, ಒಳಗಿನ ಡಯಾಫ್ರಾಮ್ ಎಂಬ ಬಾಗುವ ಪೊರೆ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಇಡೀ ಪೈಪ್ ಎಂಜಿನ್ ಓಡುವಾಗ ಹೀರುವ ಪೈಪ್. ಅದರಲ್ಲಿ ತೂತಾದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಆಫ್ ಆದಮೇಲೆ ಟ್ಯಾಂಕಿನ ಮಟ್ಟ ತೂತಿಗಿಂತ ಮೇಲಿದ್ದರೆ ಹನಿಯುತ್ತದೆ. ಮಟ್ಟ ಕೆಳಗಿದ್ದರೆ ತೂತಿನಿಂದ ಗಾಳಿ ಸೇರಿ ಪೈಪಿನಲ್ಲಿದ್ದ ಪೆಟ್ರೋಲ್ ಟ್ಯಾಂಕಿಗೇ ವಾಪಸ್ ಜಾರುತ್ತದೆ. ಬೆಳಿಗ್ಗೆ ಪಂಪ್ ಮತ್ತೆ ಅಷ್ಟುದ್ದ ಖಾಲಿ ಪೈಪ್ ತುಂಬಿಸಬೇಕು, ಅದಕ್ಕೇ ಅಷ್ಟು ಸಲ ಸೆಲ್ಫ್. ಘಟ್ಟದಲ್ಲಿ ಮೂತಿ ಮೇಲಾದಾಗ ಪಂಪ್ ಇನ್ನೂ ಎತ್ತರಕ್ಕೆ ಎಳೆಯಬೇಕು, ಪೆಟ್ರೋಲ್ ಬೇಡಿಕೆಯೂ ಜಾಸ್ತಿ. ಆಗ ತೂತಿನಿಂದ ಗಾಳಿ ಹೆಚ್ಚು ಸೇರಿ ಜರ್ಕ್ ಬರುತ್ತದೆ. ಈ ಜರ್ಕ್‌ಗೆ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ತೊಳೆಯುತ್ತ ಕೂತರೆ ಹಣ ಹೋಗುತ್ತದೆ, ಜರ್ಕ್ ಹಾಗೇ ಉಳಿಯುತ್ತದೆ.

ಖಾತ್ರಿ ಮಾಡಿಕೊಳ್ಳಬೇಕೆಂದರೆ ಪಂಪಿಗೆ ಬರುವ ರಬ್ಬರ್ ಹೋಸಿನ ಜಾಗದಲ್ಲಿ ಐದು ನಿಮಿಷದ ಮಟ್ಟಿಗೆ ಗೇಣುದ್ದದ ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಸಾಲಾಗಿ ಬರುತ್ತಿದ್ದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ನೋಡಿ ಆದಮೇಲೆ ಆ ಹೋಸ್ ತೆಗೆದುಬಿಡಿ, ಅದು ಅಲ್ಲಿ ಉಳಿಯುವಂಥದ್ದಲ್ಲ.

ಈಗ ತೂತು ಎಲ್ಲಿದೆ ಅನ್ನುವುದು. ಹನಿ ಬೀಳುವ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ಪೆಟ್ರೋಲ್ ಪೈಪಿನ ಹೊರಮೈ ಹಿಡಿದು ಹರಿದು ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ, ಸಾಮಾನ್ಯವಾಗಿ ಮುಂದಿನ ಕ್ಲಿಪ್ಪಿನ ತುದಿಯಲ್ಲಿ, ಹನಿಯಾಗುತ್ತದೆ. ತಳ ತೊಳೆದು ಪೂರ್ತಿ ಒಣಗಿಸಿ. ಟ್ಯಾಂಕ್ ಮುಕ್ಕಾಲಿಗಿಂತ ಮೇಲಿರಲಿ. ಒಂದು ಹಳೇ ಪೇಂಟ್ ಬ್ರಷ್ಷಿನಿಂದ ಪೈಪಿನುದ್ದಕ್ಕೂ ಬಿಳಿ ರಂಗೋಲಿ ಪುಡಿ ಉದುರಿಸಿ ಅರ್ಧ ಗಂಟೆ ಬಿಟ್ಟು ನೋಡಿ. ತೂತಿನ ಬಾಯಲ್ಲಿ ಮೊದಲು ಸಾಸಿವೆಯಷ್ಟು ಚುಕ್ಕೆ ಒದ್ದೆಯಾಗುತ್ತದೆ, ಆಮೇಲೆ ಅದರಿಂದ ತಗ್ಗಿನ ಕಡೆಗೆ ಬೂದು ಬಣ್ಣದ ಗೆರೆ ಇಳಿಯುತ್ತದೆ. ಗೆರೆಯ ಮೇಲ್ತುದಿ ನೋಡಿ, ಕೆಳತುದಿ ನೋಡಬೇಡಿ. ಹಳೇ ಸೋರಿಕೆಯಾದರೆ ಪುಡಿ ಹಾಕುವ ಮೊದಲೇ ಅಲ್ಲಿ ಚಹಾ ಬಣ್ಣದ ಅಂಟು ಕಲೆ ಇರುತ್ತದೆ.

ಬೇರೆಯವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ. ಓಡುವಾಗ ಮಾತ್ರ ಸೋರಿದರೆ ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಹೋಸ್ ಅಥವಾ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪ್. ಇದರಲ್ಲಿ ಮೊದಲನೆಯದು ಎಲ್ಲಕ್ಕಿಂತ ಅಪಾಯ, ಬಿಸಿ ಎಂಜಿನ್ ಮೇಲೇ ಬೀಳುತ್ತದೆ, ಆ ಗಾಡಿಯನ್ನು ಮನೆವರೆಗೂ ಓಡಿಸಬಾರದು. ಬಂಕಿನಲ್ಲಿ ತುಂಬಿಸುವಾಗ ಅಥವಾ ತಿರುವಿನಲ್ಲಿ ಮಾತ್ರ ಸೋರಿದರೆ ಟ್ಯಾಂಕಿನ ಬಾಯಿಯ ದಪ್ಪ ರಬ್ಬರ್ ಬಿರುಕು ಬಿಟ್ಟಿದೆ. ಹನಿಯೇ ಇಲ್ಲ, ಬರೀ ವಾಸನೆ ಅಂದರೆ ಆವಿ ಹೋಗುವ ಸಣ್ಣ ಹೋಸ್ ನೋಡಿ. ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ಕಿಂಡಿಯಿಂದ ಜಿನುಗಿದರೆ ಡಯಾಫ್ರಾಮ್ ಹರಿದಿದೆ. ಆಗ ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಪಂಪ್ ಜೊತೆ ಆಯಿಲ್ಲನ್ನೂ ಬದಲಿಸಬೇಕು.

ಉತ್ತರ: ಸದಾಶಿವಗಡ, ಕಾರವಾರ

ಕುಮಟಾದವರು ಹೇಳಿದ್ದರಲ್ಲಿ ತಿದ್ದುವಂಥದ್ದೇನಿಲ್ಲ. ನಾನು ತುಕ್ಕಿನ ವಿಷಯ ಸೇರಿಸುತ್ತೇನೆ, ಯಾಕೆಂದರೆ ನಿಮ್ಮ ನಿರ್ಧಾರ ನಿಂತಿರುವುದು ಅದರ ಮೇಲೆ.

ಈ ಪೈಪಿನ ಗೋಡೆಯ ದಪ್ಪ ಸಾಮಾನ್ಯವಾಗಿ 0.7 ಮಿಲಿಮೀಟರ್. ಬಯಲಲ್ಲಿರುವ ಭಾಗ ಮಳೆಗೆ ನೆನೆದು ಗಾಳಿಗೆ ಒಣಗುತ್ತದೆ, ಬೇಗ ಹಾಳಾಗುವುದಿಲ್ಲ. ಹಾಳಾಗುವುದು ಕ್ಲಿಪ್ಪಿನ ಅಡಿ. ಅಲ್ಲಿ ಕೆಂಪು ಮಣ್ಣು ಕಚ್ಚಿಕೊಂಡು ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗಿರುತ್ತದೆ. ಗಾಡಿ ಕರಾವಳಿಗೆ ಇಳಿದು ಹತ್ತುವಂಥದ್ದಾದರೆ ಉಪ್ಪೂ ಸೇರುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ತೇವ ಅದಕ್ಕಿಂತ ಇಳಿಯುವುದೇ ಅಪರೂಪ. ಹಾಗಾಗಿ ಮಳೆ ಹೊಳವಾದ ದಿನವೂ ಕ್ಲಿಪ್ಪಿನಡಿ ಒಣಗುವುದಿಲ್ಲ.

ಇದರ ಅರ್ಥ, ಒಂದು ಕ್ಲಿಪ್ಪಿನಡಿ ತೂತಾಗಿದ್ದರೆ ಉಳಿದ ಕ್ಲಿಪ್ಪುಗಳಡಿಯೂ ಪೈಪ್ ತೆಳುವಾಗಿದೆ. ತುಂಡು ರಬ್ಬರ್ ಹಾಕಿದರೆ ಈ ತೂತು ಮುಚ್ಚುತ್ತದೆ, ಮುಂದಿನ ಮಳೆಗಾಲಕ್ಕೆ ಪಕ್ಕದ್ದು ಬಾಯಿ ಬಿಡುತ್ತದೆ. ಆದ್ದರಿಂದ ನಿರ್ಧಾರಕ್ಕೆ ಮೊದಲು ಪ್ರತಿಯೊಂದು ಕ್ಲಿಪ್ ಬಿಚ್ಚಿ. ಟ್ಯಾಂಕ್ ಖಾಲಿ ಮಾಡಿ, ಪೈಪ್ ಬರಿದಾದಮೇಲೆ, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಕೈಯಲ್ಲೇ ಉಜ್ಜಿ. ಡ್ರಿಲ್ಲಿಗೆ ಹಾಕುವ ಚಕ್ರದ ಬ್ರಷ್ ಖಂಡಿತ ಬೇಡ, ಕಿಡಿ ಬರುತ್ತದೆ. ತುಕ್ಕು ಉದುರಿದ ಮೇಲೆ ಹೆಬ್ಬೆರಳಿನ ಉಗುರು ಎಳೆಯಿರಿ. ಉಗುರು ಗುಳಿಗೆ ಸಿಕ್ಕಿಕೊಂಡರೆ ಆ ಪೈಪ್ ಮುಗಿಯಿತು. ಬರೀ ಬಣ್ಣ ಬದಲಾಗಿ ಮೈ ನುಣುಪಾಗಿದ್ದರೆ ಇನ್ನೂ ಬಾಳುತ್ತದೆ.

ಅದಕ್ಕಿಂತ ಮುಖ್ಯ: ಪೆಟ್ರೋಲ್ ಪೈಪಿನ ಜೊತೆಜೊತೆಗೇ ತಳದಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪೂ ಇರುತ್ತದೆ. ಅದೇ ಮಣ್ಣು, ಅದೇ ಉಪ್ಪು. ಪೆಟ್ರೋಲ್ ಪೈಪ್ ತೂತಾಗಿದೆ ಅಂದರೆ ಬ್ರೇಕ್ ಪೈಪನ್ನು ನೋಡದೆ ಘಟ್ಟ ಇಳಿಯಬೇಡಿ. ಅದರಲ್ಲಿ ಗುಳಿ ಕಂಡರೆ ತುಂಡು ಜೋಡಿಸುವ ಮಾತೇ ಇಲ್ಲ, ಪೂರ್ತಿ ಬದಲಿಸಿ.

ತಾಮ್ರ ಬೇಡ. ಫ್ರಿಜ್ಜಿಗೆ ಹಾಕುವ ತಾಮ್ರದ ಪೈಪ್ ಕೈಯಲ್ಲಿ ಬಗ್ಗುತ್ತದೆ, ಜೋಡಿಸಲು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಗಾಡಿಯ ಅದುರಾಟಕ್ಕೆ ತಾಮ್ರ ದಿನ ಹೋದಂತೆ ಗಡುಸಾಗುತ್ತ ಹೋಗಿ ಕೊನೆಗೆ ಕ್ಲಿಪ್ಪಿನ ಅಂಚಿನಲ್ಲಿ ಸುತ್ತಲೂ ಸೀಳುತ್ತದೆ. ಕಬ್ಬಿಣ ತೂತಾದರೆ ಜಿನುಗುತ್ತದೆ, ತಾಮ್ರ ಸೀಳಿದರೆ ಎರಡು ತುಂಡು. ಮೇಲಾಗಿ ತಾಮ್ರ ತಾಗಿದ ಪೆಟ್ರೋಲ್ ಬೇಗ ಅಂಟುಕಟ್ಟುತ್ತದೆ, ಆ ಅಂಟು ಹೋಗಿ ಕೂರುವುದು ಜೆಟ್ಟಿನಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ಹಾಕಬಹುದು, ಬಗ್ಗಿಸುವುದು ಕಷ್ಟ. ಕಾರವಾರದ ಗಾಳಿಗೆ 304 ದರ್ಜೆಯದೂ ಕ್ಲಿಪ್ಪಿನಡಿ ಚುಕ್ಕೆ ಹಿಡಿಯುತ್ತದೆ, 316 ಸಿಕ್ಕರೆ ಒಳ್ಳೆಯದು. ಶಿರಸಿಯಲ್ಲೇ ಇರುವ ಗಾಡಿಗೆ ಬ್ರೇಕ್ ಪೈಪ್ ಮಾಡುವ ಕಡೆ ಸಿಗುವ ಸತು ಲೇಪದ ಸ್ಟೀಲ್ ಪೈಪೇ ಸಾಕು. ಕಂಪನಿಯ ಬಾಗಿಸಿಟ್ಟ ಪೈಪ್ ಸಿಕ್ಕರಂತೂ ಯೋಚನೆಯೇ ಬೇಡ.

ಇನ್ನೊಂದು ಮಾತು, ಶಿರಸಿ ಕಡೆಯವರಿಗಾಗಿಯೇ. ತೋಟಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಚೀಲ, ಬೋರ್ಡೋ ದ್ರಾವಣದ ಕ್ಯಾನ್ ಇದೇ ಗಾಡಿಯಲ್ಲಿ ಒಯ್ಯುವವರಿದ್ದಾರೆ. ಮೈಲುತುತ್ತಿನ ನೀರು ಬರಿಯ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ, ಆಮೇಲೆ ಸುತ್ತಲಿನ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಡಿಕ್ಕಿಯಲ್ಲಿ ಚೆಲ್ಲಿದ್ದರೆ ಅದು ಎಲ್ಲೆಲ್ಲಿ ಇಳಿದಿದೆ ನೋಡಿ ನೀರು ಹೊಡೆದು ತೊಳೆಯಿರಿ.

ಉತ್ತರ: ಚಿಪಗಿ ಕ್ರಾಸ್, ಶಿರಸಿ

ಹೋಸಿನ ಬಗ್ಗೆ. ಮೈಮೇಲೆ ಏನೂ ಬರೆಯದ ಹೋಸ್ ವಾಪಸ್ ಕೊಡಿ. ಪೆಟ್ರೋಲಿಗೆಂದೇ ಮಾಡಿದ ಹೋಸಿನ ಮೇಲೆ ಎಸ್‌ಎಇ ಜೆ30 (ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು) ಅಂತ ಇದ್ದು ಮುಂದೆ ಆರ್6, ಆರ್7 ಅಥವಾ ಆರ್9 ಅಂತ ಇರುತ್ತದೆ. ನಿಮ್ಮ ಕಾರ್ಬ್ಯುರೇಟರ್ ಗಾಡಿಯ ಪಂಪ್ ಕೊಡುವ ಒತ್ತಡ ಕಾಲು ಬಾರ್ ಆಸುಪಾಸು. ಆರ್7 ಹೋಸ್ 50 ಪಿಎಸ್ಐ, ಅಂದರೆ ಸುಮಾರು 3.4 ಬಾರ್ ತಡೆಯುವಂಥದ್ದು. ಒತ್ತಡದ ಲೆಕ್ಕದಲ್ಲಿ ಧಾರಾಳ ಆಯಿತು. ಆದರೂ ನನ್ನ ಸಲಹೆ ಆರ್9. ಅದು 100 ಪಿಎಸ್ಐ ತಡೆಯುತ್ತದೆ ಅನ್ನುವುದಕ್ಕಲ್ಲ, ಅದರ ಒಳಪದರ ಎಥನಾಲ್ ತಡೆಯುವ ಫ್ಲೋರೋ ರಬ್ಬರ್ ಅನ್ನುವುದಕ್ಕೆ. 2025ರಿಂದ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. 1998ರಲ್ಲಿ ಹಾಕಿದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಮೊದಲು ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರುಸಾಗಿ ಬಿರುಕು ಬಿಡುತ್ತದೆ. ಹೋಸನ್ನು ಬಾಗಿಸಿ ಹೊರಮಗ್ಗುಲು ನೋಡಿ, ಸಣ್ಣ ಸಣ್ಣ ಸೀಳು ಕಂಡರೆ ತೆಗೆಯಿರಿ.

ಹಾಗಂತ ನಿಮ್ಮ ಕಬ್ಬಿಣದ ಪೈಪಿನ ತೂತಿಗೆ ಎಥನಾಲ್ ಕಾರಣವಲ್ಲ. ಕತ್ತರಿಸಿ ತೆಗೆದ ತುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಗೊತ್ತಾಗುತ್ತದೆ. ಹೊರಮೈ ಪದರ ಪದರ ಎದ್ದು ಒಳಮೈ ಚೊಕ್ಕವಿದ್ದರೆ ಅದು ಮಣ್ಣು ಮತ್ತು ಉಪ್ಪಿನ ಕೆಲಸ. ಒಳಗೇ ಕೆಂಪು ಪುಡಿ ಇದ್ದರೆ ಟ್ಯಾಂಕಿನಲ್ಲಿ ನೀರು ಇಳಿದಿದೆ ಅಂತ ಅರ್ಥ. ಎಥನಾಲ್ ನೀರು ಎಳೆಯುತ್ತದೆ, ತಿಂಗಳುಗಟ್ಟಲೆ ಓಡದೆ ನಿಂತ ಗಾಡಿಯಲ್ಲಿ ಅದು ತಳ ಸೇರುತ್ತದೆ. ಆಗ ಪೈಪ್ ಬದಲಿಸಿದರೆ ಮುಗಿಯುವುದಿಲ್ಲ, ಟ್ಯಾಂಕ್ ಇಳಿಸಿ ತೊಳೆಸಬೇಕು.

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸ್ಪ್ರೇ ಪೈಪ್, ಪಾರದರ್ಶಕ ಲೆವೆಲ್ ಪೈಪ್, ಅಡುಗೆ ಗ್ಯಾಸಿನ ಕಿತ್ತಳೆ ಬಣ್ಣದ ಟ್ಯೂಬ್ ಇವು ಯಾವುದನ್ನೂ ಹಾಕಬಾರದು. ಪಿವಿಸಿ ಪೈಪನ್ನು ಮೆತ್ತಗೆ ಇಡುವ ಅಂಶವನ್ನೇ ಪೆಟ್ರೋಲ್ ಕರಗಿಸಿ ಒಯ್ಯುತ್ತದೆ. ಕೆಲವೇ ದಿನಗಳಲ್ಲಿ ಪೈಪ್ ಹುರಿದ ಹಪ್ಪಳದ ಹಾಗೆ ಬಿರುಸಾಗಿ, ಕುಗ್ಗಿ, ತುದಿಯಿಂದ ತಾನಾಗೇ ಕಳಚುತ್ತದೆ. ಹೀರುವ ಪೈಪಿಗೆ ತೆಳು ಹೋಸೂ ಆಗದು. ಬಿಸಿಯಾದಾಗ ಒಳಗೆ ಚಪ್ಪಟೆಯಾಗಿ ದಾರಿ ಕಟ್ಟುತ್ತದೆ.

ಉತ್ತರ: ತದಡಿ, ಗೋಕರ್ಣ

ಕಾರ್ಬ್ಯುರೇಟರ್ ಗಾಡಿಗೆ ಇಷ್ಟೆಲ್ಲ ಬೇಕಾ? ಒತ್ತಡವೇ ಇಲ್ಲದ ಪೈಪ್. ಟ್ಯಾಂಕಿನಿಂದ ಮುಂದಿನವರೆಗೆ ಒಂದೇ ಉದ್ದದ ಒಳ್ಳೆಯ ಆರ್9 ಹೋಸ್ ಎಳೆದು ಪ್ಲಾಸ್ಟಿಕ್ ಟೈ ಕಟ್ಟಿದರೆ ತುಕ್ಕಿನ ಚಿಂತೆಯೇ ಇಲ್ಲವಲ್ಲ. ತಾತ್ಕಾಲಿಕಕ್ಕೆ ಎಂ-ಸೀಲ್ ಹಚ್ಚಿದರೂ ನಡೆಯುತ್ತದೆ.

ಉತ್ತರ: ಅಘನಾಶಿನಿ, ಕುಮಟಾ

ತದಡಿಯವರೇ, ಉದ್ದ ರಬ್ಬರಿಗೆ ನಾನು ಒಪ್ಪುವುದಿಲ್ಲ. ಗಾಡಿಯ ತಳಕ್ಕೆ ಕಲ್ಲು ಸಿಡಿಯುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಗೆ ಇಲಿ ಬರುತ್ತದೆ, ಇಲಿಗೆ ಮೊದಲು ಕಾಣುವುದು ರಬ್ಬರ್. ಜೋತುಬಿದ್ದರೆ ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಟೈ ಬಿಸಿಗೆ ಕಡಿದು ಹೋಗುತ್ತದೆ. ನೆಲದಡಿ ಕಬ್ಬಿಣವೇ ಇರಬೇಕು, ರಬ್ಬರ್ ಬೇಕಾಗುವುದು ಅದುರುವ ಎರಡು ಭಾಗಗಳ ನಡುವೆ ಮಾತ್ರ: ಟ್ಯಾಂಕ್ ಮತ್ತು ಪೈಪ್ ನಡುವೆ, ಪೈಪ್ ಮತ್ತು ಎಂಜಿನ್ ನಡುವೆ. ಒಂದು ಜೋಡಣೆ ಹಾಕಲೇಬೇಕಾಗಿ ಬಂದರೆ ಗೇಣಿಗಿಂತ ಉದ್ದ ಬೇಡ.

ಎಂ-ಸೀಲ್ ಒದ್ದೆ ಮೈಗೆ ಕಚ್ಚುವುದಿಲ್ಲ. ತೂತಿನಿಂದ ಪೆಟ್ರೋಲ್ ಬರುತ್ತಲೇ ಇರುವಾಗ ಹಚ್ಚಿದರೆ ಹೊರಗಿನಿಂದ ಗಟ್ಟಿಯಾದ ಹಾಗೆ ಕಂಡು ಒಳಗಿನಿಂದ ಬಿಟ್ಟುಕೊಂಡಿರುತ್ತದೆ. ಹಳೇ ಡ್ರೈವರುಗಳು ಟ್ಯಾಂಕಿನ ತೂತಿಗೆ ಬಟ್ಟೆ ಸೋಪು ತಿಕ್ಕುತ್ತಿದ್ದದ್ದು ನಿಜ, ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅಷ್ಟು ಹೊತ್ತು ನಿಲ್ಲಿಸುತ್ತದೆ. ಆದರೆ ಅದು ಟ್ಯಾಂಕಿನ ಸೂಜಿಮೊನೆ ತೂತಿಗೆ, ಸೋರುವ ಗಾಡಿಯನ್ನು ಗ್ಯಾರೇಜು ಮುಟ್ಟಿಸುವವರೆಗೆ. ಅದುರುವ ಪೈಪಿಗಲ್ಲ.

ಈಗ ಅಡಿಕೆಸಾಲಿನವರಿಗೆ, ಕೆಲಸ ಮಾಡುವ ಕ್ರಮ.

ಟ್ಯಾಂಕ್ 28 ಲೀಟರಿನದು. ಓಡಿಸಿ ಓಡಿಸಿ ನಾಲ್ಕೈದು ಲೀಟರಿಗೆ ಇಳಿಸಿಕೊಳ್ಳಿ, ತೆಗೆಯುವ ಕೆಲಸ ಕಡಿಮೆಯಾಗುತ್ತದೆ. ಬಯಲಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ಗ್ಯಾರೇಜಿನ ಗುಂಡಿಯೊಳಗೆ ಇಳಿದು ಈ ಕೆಲಸ ಮಾಡಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಗುಂಡಿಯಲ್ಲಿ ನೀರಿನ ಹಾಗೆ ತುಂಬಿ ನಿಲ್ಲುತ್ತದೆ. ಹತ್ತಿರದಲ್ಲಿ ಹಂಡೆ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಬೆಳಕಿಗೆ ಎಲ್ಇಡಿ ಟಾರ್ಚ್ ಇರಲಿ, ವೈರಿಗೆ ನೇತುಹಾಕಿದ ಬಲ್ಬ್ ಬೇಡ. ಅದರ ಮೇಲೆ ಒಂದು ಹನಿ ಬಿದ್ದು ಗಾಜು ಒಡೆದರೆ ಸಾಕು. ಒಣಪುಡಿಯ ಅಗ್ನಿಶಾಮಕ ಕೈಗೆ ಸಿಗುವಲ್ಲಿರಲಿ. ಗಾಡಿ ಎತ್ತಿದಮೇಲೆ ಜಾಕ್ ಸ್ಟ್ಯಾಂಡ್ ಕೊಡಿ, ಚಿರೆಕಲ್ಲು ಕೊಡಬೇಡಿ. ಚಿರೆಕಲ್ಲು ಒಂದೇ ಕಡೆ ಭಾರ ಬಿದ್ದರೆ ಸದ್ದಿಲ್ಲದೆ ಪುಡಿಯಾಗುತ್ತದೆ, ಕೆಳಗಿರುವವನಿಗೆ ಸರಿಯಲು ಹೊತ್ತೂ ಸಿಗುವುದಿಲ್ಲ.

ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಇಳಿಸಿ, ಡಬ್ಬಿ ನೆಲದ ಮೇಲೇ ಇರಲಿ. ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವಾಗ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಚೆಲ್ಲಿದ್ದನ್ನು ಮಣ್ಣಿಗೆ ಬಿಡಬೇಡಿ, ಹತ್ತಿರ ಬಾವಿಯಿದ್ದರಂತೂ ಬೇಡವೇ ಬೇಡ. ಒಣ ಮರಳು ಹಾಕಿ ಹೀರಿಸಿ.

ಪೈಪ್ ಮುಟ್ಟುವ ಮೊದಲು ಹೀರುವುದಕ್ಕೆ ಒಂದು ಬಣ್ಣದ ಟೇಪ್, ರಿಟರ್ನಿಗೆ ಇನ್ನೊಂದು ಬಣ್ಣದ್ದು, ಆವಿಯದಕ್ಕೆ ಮೂರನೆಯದು ಸುತ್ತಿ. ಎರಡೂ ತುದಿಗೆ ಸುತ್ತಬೇಕು. ಇವು ಅದಲು ಬದಲಾದರೆ ಗಾಡಿ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಕಾರಣ ಹುಡುಕಿ ಸಾಕಾಗುತ್ತದೆ. ಹಳೇ ಪೈಪನ್ನು ತುಂಡು ಮಾಡದೆ ಇಡಿಯಾಗಿ ಇಳಿಸಿ, ಅದೇ ಹೊಸದಕ್ಕೆ ಅಚ್ಚು. ಹೊರ ಅಳತೆಯನ್ನು ವರ್ನಿಯರಿನಿಂದ, ತುಕ್ಕಿಲ್ಲದ ಕಡೆ ತೆಗೆದುಕೊಳ್ಳಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಹೋಗುವ ಪೈಪ್ 8 ಮಿಲಿಮೀಟರ್, ರಿಟರ್ನ್ 6. ಆದರೂ ಅಳೆಯದೆ ಕೊಳ್ಳಬೇಡಿ.

ಹೊಸ ಪೈಪನ್ನು ಬೆಂಡರಿನಲ್ಲೇ ಬಾಗಿಸಿ. 8 ಮಿಲಿಮೀಟರ್ ಪೈಪಿಗೆ ಬಾಗಿನ ತ್ರಿಜ್ಯ 24ಕ್ಕಿಂತ ಕಡಿಮೆಯಾದರೆ ಒಳಮಗ್ಗುಲು ಮಡಚುತ್ತದೆ. ಮರಳು ತುಂಬಿ ಬಾಗಿಸುವ ಪದ್ಧತಿ ಇದಕ್ಕೆ ಬೇಡ, ಒಂದು ಕಾಳು ಉಳಿದರೂ ಕಾರ್ಬ್ಯುರೇಟರಿಗೆ ಹೋಗುತ್ತದೆ. ಕತ್ತರಿಸಲು ಸುತ್ತುವ ಪೈಪ್ ಕಟರ್ ಬಳಸಿ. ಕತ್ತರಿಸಿದ ಬಾಯಿಯ ಒಳ ಅಂಚನ್ನು ಅರದಲ್ಲಿ ತೀಡಿ ಗಾಳಿ ಹೊಡೆಯಿರಿ.

ಇನ್ನು ಬಹಳ ಕಡೆ ಬಿಟ್ಟುಹೋಗುವ ಕೆಲಸ. ರಬ್ಬರ್ ಏರುವ ಪ್ರತಿ ತುದಿಯಲ್ಲೂ ಪೈಪಿಗೆ ಉಂಗುರದಂಥ ಸಣ್ಣ ಉಬ್ಬು ಇರಬೇಕು. ಅದಿಲ್ಲದ ಬೋಳು ಪೈಪಿನ ಮೇಲೆ ಹೋಸ್ ಎಷ್ಟು ಬಿಗಿದರೂ ದಿನ ಹೋದಂತೆ ಜಾರುತ್ತದೆ. ಬ್ರೇಕ್ ಪೈಪಿನ ಬಾಯಿಯನ್ನು ಎರಡು ಹಂತದಲ್ಲಿ ಮಡಚುವ ಡಬಲ್ ಫ್ಲೇರ್ ಸೆಟ್ಟಿನಲ್ಲಿ ಮೊದಲ ಹಂತಕ್ಕೇ ನಿಲ್ಲಿಸಿದರೆ ಬೇಕಾದ ಉಬ್ಬು ಬರುತ್ತದೆ. ಫ್ರಿಜ್ ರಿಪೇರಿಯವರ ಸೆಟ್ಟಿನಲ್ಲಿ ಬರುವುದು ತುತ್ತೂರಿ ಬಾಯಿ, ಅದರ ಅಂಚು ಹೋಸಿನ ಒಳಪದರ ಕೊಯ್ಯುತ್ತದೆ. ಹೋಸ್ ಉಬ್ಬನ್ನು ದಾಟಿ 25ರಿಂದ 30 ಮಿಲಿಮೀಟರ್ ಒಳಗೆ ಏರಲಿ. ಕ್ಲಾಂಪ್ ಕೂರಬೇಕಾದ್ದು ಉಬ್ಬಿನ ಮೇಲಲ್ಲ, ಉಬ್ಬು ದಾಟಿದ ಮೇಲೆ, ಹೋಸಿನ ತುದಿಯಿಂದ ನಾಲ್ಕೈದು ಮಿಲಿಮೀಟರ್ ಒಳಗೆ. ಪಟ್ಟಿಯಲ್ಲಿ ಸೀಳು ಸೀಳು ಇರುವ ನೀರಿನ ಪೈಪಿನ ಕ್ಲಾಂಪ್ ಬಿಗಿದರೆ ಆ ಸೀಳಿನೊಳಗೆ ರಬ್ಬರ್ ಎದ್ದು ಕತ್ತರಿಸುತ್ತದೆ. ಅಂಚು ಮಡಚಿದ, ನಟ್ಟು ಬೋಲ್ಟಿನ ಸಣ್ಣ ಕ್ಲಾಂಪ್ ಕೇಳಿ, ಹೋಸಿನ ಹೊರ ಅಳತೆ ಹೇಳಿ ಕೊಳ್ಳಿ. ಬಿಗಿಯುವುದು ರಬ್ಬರ್ ಕ್ಲಾಂಪಿನ ಎರಡೂ ಪಕ್ಕ ಸ್ವಲ್ಪ ಉಬ್ಬಿ ಕಾಣುವವರೆಗೆ, ಅಲ್ಲಿಗೆ ನಿಲ್ಲಿಸಿ.

ಫಿಲ್ಟರನ್ನೂ ಇದೇ ಸಲ ಬದಲಿಸಿ. ಬಾಣದ ಗುರುತು ಎಂಜಿನ್ ಕಡೆಗಿರಬೇಕು.

2000ದ ನಂತರದ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ. ಅದರಲ್ಲಿ ಪಂಪ್ ಟ್ಯಾಂಕಿನೊಳಗೆ, ಪೈಪಿನಲ್ಲಿ ಎರಡೂವರೆಯಿಂದ ಮೂರು ಬಾರ್ ಒತ್ತಡ, ಎಂಜಿನ್ ಆಫ್ ಆದಮೇಲೂ ಅದು ಉಳಿದಿರುತ್ತದೆ. ಪಂಪಿನ ಫ್ಯೂಸ್ ಅಥವಾ ರಿಲೇ ಎಳೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಮತ್ತೆರಡು ಸಲ ಸೆಲ್ಫ್ ಹೊಡೆದು, ಆಮೇಲೆ ಬ್ಯಾಟರಿ ಬಿಚ್ಚಬೇಕು. ಇಲ್ಲದಿದ್ದರೆ ಹೋಸ್ ಸಡಿಲಿಸಿದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಅಲ್ಲಿ ಆರ್9ಕ್ಕಿಂತ ಕಡಿಮೆ ದರ್ಜೆಯ ಹೋಸ್ ಹಾಕಬಾರದು.

ಮರುಪ್ರಶ್ನೆ: ಅಡಿಕೆಸಾಲು, ಶಿರಸಿ

ಎಲ್ಲರಿಗೂ ಧನ್ಯವಾದ. ಪುಡಿ ಹಾಕಿ ನೋಡಿದಾಗ ಒದ್ದೆ ಗೆರೆ ಶುರುವಾದದ್ದು ಹನಿ ಬೀಳುವ ಜಾಗಕ್ಕಿಂತ ಒಂದು ಕ್ಲಿಪ್ ಹಿಂದೆ. ಕ್ಲಿಪ್ ತೆಗೆದರೆ ಅದರಡಿ ಪೈಪ್ ಸುತ್ತಲೂ ತಿಂದಿದೆ. ಉಳಿದ ಕ್ಲಿಪ್ಪುಗಳಲ್ಲಿ ಎರಡರಡಿ ಉಗುರು ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಪೈಪಿನಲ್ಲೂ ಒಂದು ಕಡೆ ಗುಳಿ ಇದೆ, ಅದನ್ನೂ ಪೂರ್ತಿ ಬದಲಿಸುವುದು ಅಂತ ಆಯಿತು. ಅಳತೆ 8 ಮತ್ತು 6 ಸರಿಯಾಗಿದೆ. ರಿಟರ್ನ್ ಪೈಪೂ ಕೆಟ್ಟಿದೆ. ಅದು ಮುಖ್ಯವಲ್ಲ, ಎರಡೂ ಕಡೆ ಬೂಚು ಹೊಡೆದು ಬಿಟ್ಟುಬಿಡಿ, ಪೆಟ್ರೋಲೂ ಉಳಿಯುತ್ತದೆ ಅಂತ ಗ್ಯಾರೇಜಿನವರ ಮಾತು. ಹೌದಾ?

ಉತ್ತರ: ಚಿಪಗಿ ಕ್ರಾಸ್, ಶಿರಸಿ

ಬೂಚು ಹೊಡೆಸಬೇಡಿ, ಪೆಟ್ರೋಲ್ ಒಂದು ಹನಿಯೂ ಉಳಿಯುವುದಿಲ್ಲ. ರಿಟರ್ನಿನಲ್ಲಿ ಹೋಗುವುದು ಟ್ಯಾಂಕಿಗೇ ಹೋಗುತ್ತದೆ. ಪಂಪ್ ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಹೆಚ್ಚಾದದ್ದು ತಿರುಗಿ ಹೋಗುತ್ತಿರುವುದರಿಂದಲೇ ಪಂಪಿನಲ್ಲಿ ಯಾವಾಗಲೂ ತಣ್ಣನೆ ಪೆಟ್ರೋಲ್ ಇರುತ್ತದೆ. ದಾರಿ ಮುಚ್ಚಿದರೆ ಅಷ್ಟೇ ಪೆಟ್ರೋಲ್ ಬಿಸಿ ಎಂಜಿನ್ ಪಕ್ಕ ನಿಂತು ಆವಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕುಮಟಾದಿಂದ ಹತ್ತಿ ಬರುವಾಗ ಘಟ್ಟದ ನಡುವೆ ವೇಪರ್ ಲಾಕ್ ಆಗಿ (ಆವಿ ಕಟ್ಟಿಕೊಂಡು ಪೆಟ್ರೋಲ್ ಬಾರದೆ) ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಈ ಗುಣ ಇನ್ನೂ ಜಾಸ್ತಿ. ಇನ್ನೊಂದು ಕಡೆ, ಹೋಗಲು ದಾರಿಯಿಲ್ಲದ ಒತ್ತಡ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಸೂಜಿಯ ಮೇಲೆ ಬಿದ್ದು ಕಾರ್ಬ್ಯುರೇಟರ್ ತುಂಬಿ ಹರಿಯಬಹುದು. ಒಂದು ಸೋರಿಕೆ ನಿಲ್ಲಿಸಲು ಹೋಗಿ ಬಿಸಿ ಎಂಜಿನ್ ಮೇಲೆ ಇನ್ನೊಂದು ತಂದುಕೊಂಡ ಹಾಗೆ. ಗಾಡಿ ಎತ್ತಿರುವಾಗಲೇ ಎರಡೂ ಪೈಪ್ ಹಾಕಿಸಿ, ಕೂಲಿ ಒಂದೇ.

ಉತ್ತರ: ಸದಾಶಿವಗಡ, ಕಾರವಾರ

ಹೊಸ ಪೈಪ್ ಕೂರಿಸುವ ಮೊದಲು ಸತುವಿನ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟ್. ಬಾಗಿಸಿ ಆದಮೇಲೆ ಹಚ್ಚಿ, ಮೊದಲೇ ಹಚ್ಚಿದರೆ ಬಾಗಿನಲ್ಲಿ ಸೀಳುತ್ತದೆ. ಕ್ಲಿಪ್ ಕೂರುವಲ್ಲಿ ಪೈಪಿಗೆ ಹಳೇ ಸೈಕಲ್ ಟ್ಯೂಬ್ ಸುತ್ತುವ ರೂಢಿ ಇದೆ. ಮಾಡಬೇಡಿ, ಅದರೊಳಗೆ ನೀರು ನಿಲ್ಲುತ್ತದೆ. ಕ್ಲಿಪ್ಪಿನ ಒಳಮೈಗೆ ಗ್ರೀಸ್ ಬಳಿದು ಹಾಗೇ ಕೂರಿಸಿ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಬಿಚ್ಚಿ ಒರೆಸಿ ಮತ್ತೆ ಬಳಿಯಿರಿ. ತಳಕ್ಕೆ ಡಾಂಬರಿನಂಥ ಕೋಟಿಂಗ್ ಹೊಡೆಸುವುದಾದರೆ ಹೊಸ ಲೋಹಕ್ಕೆ ಮಾತ್ರ. ತುಕ್ಕಿನ ಮೇಲೆ ಹೊಡೆದರೆ ಉಪ್ಪನ್ನೂ ನೀರನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವುದೂ ಬೇಡ, ಬುಷ್ ಮತ್ತು ಹೋಸುಗಳ ರಬ್ಬರ್ ಉಬ್ಬುತ್ತದೆ.

ಉತ್ತರ: ಅಘನಾಶಿನಿ, ಕುಮಟಾ

ಪರೀಕ್ಷೆಯ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಜೋಡಿಸಿದಮೇಲೆ ಹತ್ತು ಲೀಟರ್ ಹಾಕಿ. ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವಾಗ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡಿ, ಖಾಲಿ ಪೈಪ್ ತುಂಬಲು ಹೊತ್ತು ಬೇಕು. ಹತ್ತು ನಿಮಿಷ ನ್ಯೂಟ್ರಲ್‌ನಲ್ಲಿ ಓಡಿಸಿ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ಜಿನುಗು ಕಾಗದದಲ್ಲಿ ಕಾಣುತ್ತದೆ. ಇದು ರಿಟರ್ನ್ ಮತ್ತು ಮುಂದಿನ ಹೋಸಿನ ಪರೀಕ್ಷೆ ಮಾತ್ರ. ಹೀರುವ ಪೈಪಿನದು ಓಡುವಾಗ ಗೊತ್ತಾಗುವುದಿಲ್ಲ ಅಂತ ನಿಮಗೀಗ ಗೊತ್ತಿದೆ. ಅದಕ್ಕೆ ಟ್ಯಾಂಕ್ ಪೂರ್ತಿ ತುಂಬಿಸಿ, ಕೆಳಗೆ ಒಣ ರಟ್ಟು ಹಾಸಿ, ಒಂದು ರಾತ್ರಿ ಹೊರಗೆ ಬಯಲಲ್ಲಿ ನಿಲ್ಲಿಸಿ. ರಟ್ಟಿನ ಮೇಲೆ ಟ್ಯಾಂಕ್, ಕ್ಲಿಪ್, ಜೋಡಣೆಗಳ ಜಾಗ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರೆ ಕಲೆ ಬಿದ್ದಲ್ಲಿ ಹುಡುಕುವ ಕೆಲಸ ಉಳಿಯುತ್ತದೆ. ಪೆಟ್ರೋಲ್ ಬೇಗ ಹಾರಿಹೋಗುವುದರಿಂದ ಬಿಸಿಲೇರುವ ಮೊದಲೇ ನೋಡಬೇಕು. ಒಂದು ವಾರ ಓಡಿಸಿದಮೇಲೆ ಹೊಸ ರಬ್ಬರ್ ಕ್ಲಾಂಪಿನಡಿ ಸ್ವಲ್ಪ ಕೂತಿರುತ್ತದೆ, ಪ್ರತಿ ಕ್ಲಾಂಪಿಗೂ ಇನ್ನೊಂದು ಅರ್ಧ ಸುತ್ತು ಕೊಡಿ.